ಎಲ್ಲದಕ್ಕೂ ಸುಮಾರು

ನಾನು ಎಂಥ ಮನುಷ್ಯ ಎಂಬುದು ನನಗೆ ತಿಳಿದದ್ದು ಒಂದು ಬುಧವಾರ, ಎರಡನೇ ಪೀರಿಯಡ್ಡು ಮುಗಿಸಿ ಸ್ಟಾಫ್ ರೂಮಿನಲ್ಲಿ ಕೈಗಂಟಿದ ಸೀಮೆಸುಣ್ಣ ಒರೆಸಿಕೊಳ್ಳುತ್ತಿದ್ದಾಗ. ಮೊಬೈಲು ಟಿಣ್ ಎಂದಿತು. ತೆರೆದರೆ ಹನ್ನೆರಡು ಪುಟದ ವರದಿ. ಮೇಲೆ ನನ್ನ ಹೆಸರು, ಅದರ ಕೆಳಗೆ 'ನಿಮ್ಮ ವ್ಯಕ್ತಿತ್ವ', ಅದರ ಕೆಳಗೆ ಬಣ್ಣಬಣ್ಣದ ಐದು ಪಟ್ಟಿ. ನಲವತ್ತಾರು ವರ್ಷ ಹಗಲೂ ರಾತ್ರಿ ನನ್ನ ಜೊತೆಯಲ್ಲೇ ಇದ್ದೂ ನಾನು ಕಂಡುಹಿಡಿಯಲಾಗದ್ದನ್ನು ಕಂಪ್ಯೂಟರು ಇಪ್ಪತ್ತು ನಿಮಿಷದಲ್ಲಿ ಕಂಡುಹಿಡಿದು ಕಳಿಸಿತ್ತು.

ಹೊಸದನ್ನು ಒಪ್ಪಿಕೊಳ್ಳುವ ಮನಸ್ಸು: ನೂರಕ್ಕೆ ಐವತ್ತು. ಶಿಸ್ತು ಮತ್ತು ಹೊಣೆಗಾರಿಕೆ: ಐವತ್ತೆರಡು. ಜನರೊಂದಿಗೆ ಬೆರೆಯುವ ಗುಣ: ಐವತ್ತು. ಹೊಂದಾಣಿಕೆ: ನಲವತ್ತೆಂಟು. ಕೊನೆಯ ಪಟ್ಟಿ ಮಾತ್ರ ಕೆಂಪಗೆ, ಪುಟದ ಅಂಚಿನವರೆಗೆ ಓಡಿಹೋಗಿತ್ತು. ಚಿಂತೆ, ಕೋಪ, ಆತಂಕ: ತೊಂಬತ್ತನಾಲ್ಕು.

ಒಂದನೇ ಕ್ಲಾಸಿನಿಂದ ಎಂಎವರೆಗೆ ಯಾವ ವಿಷಯದಲ್ಲೂ ನನಗೆ ತೊಂಬತ್ತು ದಾಟಿರಲಿಲ್ಲ. ದಾಟಿದ್ದು ಇದೇ ಮೊದಲು.

ಕೊನೆಯ ಪುಟದಲ್ಲಿ ಸಲಹೆ ಇತ್ತು: 'ಇವರು ಮತ್ತೊಬ್ಬರ ಮಾರ್ಗದರ್ಶನದಲ್ಲಿ ಕೆಲಸ ಮಾಡಲು ಸೂಕ್ತರು. ಮುಂದಾಳತ್ವ ವಹಿಸಿಕೊಳ್ಳುವ ಮುನ್ನ ಆತ್ಮವಿಶ್ವಾಸ ಬೆಳೆಸಿಕೊಳ್ಳುವುದು ಒಳ್ಳೆಯದು.'

ಬೇರೆ ದಿನವಾಗಿದ್ದರೆ ಓದಿ ನಕ್ಕು ಟೀ ಕುಡಿಯಲು ಹೋಗುತ್ತಿದ್ದೆ. ಆದರೆ ಆ ಹೊತ್ತಿನಲ್ಲಿ ನನಗೆ ಮುಂದಾಳತ್ವವೇ ಬೇಕಾಗಿತ್ತು. ಹಾಸನದಲ್ಲಿ ನಾನು ಹತ್ತೊಂಬತ್ತು ವರ್ಷದಿಂದ ಅರ್ಥಶಾಸ್ತ್ರ ಹೇಳಿಕೊಡುತ್ತಿರುವ ಕಾಲೇಜಿನವರು ಚನ್ನರಾಯಪಟ್ಟಣದಲ್ಲಿ ಹೊಸದೊಂದು ಪಿಯು ಕಾಲೇಜು ತೆರೆಯುವವರಿದ್ದರು. ಪ್ರಿನ್ಸಿಪಾಲರನ್ನು ನಮ್ಮೊಳಗಿನಿಂದಲೇ ಆರಿಸುತ್ತೇವೆ ಎಂದಿದ್ದರು. ಅರ್ಜಿ ಹಾಕಿದವರು ಇಬ್ಬರು: ನಾನು, ಮತ್ತು ಭೌತಶಾಸ್ತ್ರದ ಮೇಷ್ಟ್ರು. ಹಿಂದೆಲ್ಲ ಇಂಥ ಆಯ್ಕೆಗಳು ಯಾರು ಯಾರ ಭಾವಮೈದ ಎಂಬುದರ ಮೇಲೆ ನಡೆಯುತ್ತಿದ್ದವು. ಅದರಲ್ಲಿ ಒಂದು ಸ್ಪಷ್ಟತೆ ಇತ್ತು, ಸೋತವನಿಗೆ ಯಾಕೆ ಸೋತೆ ಎಂದು ಗೊತ್ತಿರುತ್ತಿತ್ತು. ಈ ಸಲ ಎಲ್ಲವೂ ವೈಜ್ಞಾನಿಕ ಎಂದು ಬೆಂಗಳೂರಿನಿಂದ ತರಬೇತಿಯ ಮೇಡಮ್ಮೊಬ್ಬರನ್ನು ಕರೆಸಿದ್ದರು.

ಆ ಕುರ್ಚಿ ನನಗೆ ಯಾಕೆ ಬೇಕಿತ್ತು ಎಂದು ನೇರವಾಗಿ ಹೇಳಿಬಿಡುತ್ತೇನೆ. ಬಿಎಗೆ ಸೇರಲು ನಾನು ಹೊಳೆನರಸೀಪುರಕ್ಕೆ ಹೋದ ದಿನ ನಮ್ಮಪ್ಪನೂ ಜೊತೆಗೆ ಬಂದಿದ್ದ. ಪ್ರಿನ್ಸಿಪಾಲರ ರೂಮಿನಲ್ಲಿ ಮೇಜಿನ ಈಚೆ ಎರಡು ಕುರ್ಚಿ ಖಾಲಿ ಇದ್ದವು. ಟವೆಲನ್ನು ಕಂಕುಳಲ್ಲಿ ಇಟ್ಟುಕೊಂಡು, ನನ್ನ ಮಾರ್ಕ್ಸ್ ಕಾರ್ಡನ್ನು ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಕತ್ತರಿಸಿ ಮಾಡಿದ ಕವರಿನಲ್ಲಿ ಹಿಡಿದುಕೊಂಡು ಅಪ್ಪ ಮುಕ್ಕಾಲು ಗಂಟೆ ನಿಂತ. ಕೂತುಕೋ ಎಂದು ಯಾರೂ ಹೇಳಲಿಲ್ಲ. ಯಾರೂ ಬೈಯಲೂ ಇಲ್ಲ, ಅವಮಾನವನ್ನೂ ಮಾಡಲಿಲ್ಲ. ಕುರ್ಚಿ ಖಾಲಿ ಇತ್ತು, ಅಪ್ಪ ನಿಂತಿದ್ದ, ಅಷ್ಟೆ. ಅಪ್ಪ ತೀರಿಕೊಂಡು ಏಳು ವರ್ಷವಾಯಿತು. ಆ ಎರಡು ಕುರ್ಚಿ ಮಾತ್ರ ನನ್ನ ಕಣ್ಣ ಮುಂದೆ ಇನ್ನೂ ಖಾಲಿಯಾಗಿಯೇ ಇವೆ. ಮೇಜಿನ ಆಚೆ ಕಡೆ ಕೂತು ಒಂದು ಸಲ 'ಕೂತ್ಕೊಳಿ' ಅನ್ನಬೇಕು ಎಂಬುದೇ ನನ್ನ ಆಸೆ. ಉಳಿದದ್ದೆಲ್ಲ ಅರ್ಜಿಯಲ್ಲಿ ಬರೆದ ಮಾತು.

ಆ ವರದಿಗೆ ಕಾರಣವಾದ ಪರೀಕ್ಷೆ ನಡೆದದ್ದು ಹಿಂದಿನ ದಿನ, ಕಂಪ್ಯೂಟರ್ ಲ್ಯಾಬಿನಲ್ಲಿ. ಅರವತ್ತು ವಾಕ್ಯ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಒತ್ತಬೇಕು. ಒಂದು ಎಂದರೆ 'ಖಂಡಿತ ಅಲ್ಲ', ಐದು ಎಂದರೆ 'ಖಂಡಿತ ಹೌದು', ನಡುವಿನ ಮೂರಕ್ಕೆ ಯಾರೋ ಪುಣ್ಯಾತ್ಮರು 'ಸುಮಾರು' ಎಂದು ಕನ್ನಡ ಮಾಡಿದ್ದರು.

"ಇದರಲ್ಲಿ ಸರಿ ಉತ್ತರ, ತಪ್ಪು ಉತ್ತರ ಅಂತ ಇಲ್ಲ. ಆರಾಮಾಗಿ ಮಾಡಿ" ಎಂದರು ಮೇಡಮ್ಮು.

ಅಲ್ಲೇ ನನಗೆ ಬೆವರು ಶುರುವಾಯಿತು. ಪ್ರತಿ ಪ್ರಶ್ನೆಗೂ ಒಂದು ಸರಿ ಉತ್ತರ ಇದೆ, ಅದು ಗೈಡಿನ ಹಿಂದಿನ ಪುಟಗಳಲ್ಲಿದೆ ಎಂಬ ನಂಬಿಕೆಯ ಮೇಲೆ ನನ್ನ ಇಡೀ ಬಾಳು ನಿಂತಿದೆ. ಅದನ್ನು ನಂಬಿಯೇ ನಾನು ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಎ, ಎಂಎ ದಾಟಿದವನು. ಸರಿ ಉತ್ತರವೇ ಇಲ್ಲದ ಪರೀಕ್ಷೆ ಎಂದರೆ ನನ್ನಂಥವನಿಗೆ ಮಾಡುವ ಮೋಸ.

ಮೊದಲನೇ ವಾಕ್ಯ: 'ನಾನು ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುತ್ತೇನೆ.' ಮುಗಿಸುತ್ತೇನೆ. ಹತ್ತೊಂಬತ್ತು ವರ್ಷದಲ್ಲಿ ಒಂದು ವರ್ಷವೂ ಸಿಲಬಸ್ ಬಾಕಿ ಉಳಿಸಿಲ್ಲ. ಬೆರಳು ಐದರ ಹತ್ತಿರ ಹೋಯಿತು. ನಾನು ಒಳ್ಳೆಯವನು ಎಂದು ನಾನೇ ಬರೆದುಕೊಡುವುದೆ? ಅದೂ ಗೊತ್ತಿಲ್ಲದವರು ಓದುವ ಹಾಗೆ? ಬೆರಳು ತಾನಾಗಿಯೇ ಮೂರಕ್ಕೆ ಬಂದು ಕೂತಿತು. 'ಜನ ನನ್ನನ್ನು ನಂಬುತ್ತಾರೆ': ಮೂರು. 'ಹೊಸ ವಿಷಯ ಕಲಿಯಲು ನನಗೆ ಇಷ್ಟ': ಮೂರು. 'ಸಣ್ಣ ವಿಷಯಕ್ಕೂ ನನಗೆ ಚಿಂತೆಯಾಗುತ್ತದೆ': ಇದಕ್ಕೆ ಯೋಚನೆಯೇ ಬೇಕಾಗಲಿಲ್ಲ, ಐದು. 'ನನಗೆ ಬೇಗ ಸಿಟ್ಟು ಬರುತ್ತದೆ': ಐದು. ನನ್ನನ್ನು ನಾನೇ ಬೈದುಕೊಳ್ಳುವುದಕ್ಕೆ ಸಂಕೋಚ ಯಾಕೆ.

ಪಕ್ಕದ ಸೀಟಿನಲ್ಲಿದ್ದ ಭೌತಶಾಸ್ತ್ರದ ಮೇಷ್ಟ್ರು ನಾಲ್ಕೇ ನಿಮಿಷಕ್ಕೆ ಎದ್ದು ನಿಂತು ನನ್ನ ಪರದೆಗೆ ಬಗ್ಗಿದರು.

"ಏನ್ ಸಾ, ಇನ್ನೂ ಹದಿನೇಳರಲ್ಲೇ ಇದೀರಾ? ಒಳ್ಳೇದಕ್ಕೆಲ್ಲ ಐದು, ಕೆಟ್ಟದ್ದಕ್ಕೆಲ್ಲ ಒಂದು. ಒತ್ತಿ ಎದ್ದೇಳಿ. ಬೋಂಡ ತಣ್ಣಗಾಗ್ತಾ ಐತೆ."

"ಓದಿ ನೋಡಿ ಮಾಡ್ಬೇಕಲ್ವಾ ಸಾ?"

"ಓದಕ್ಕೇನೈತೆ ಅದ್ರಲ್ಲಿ? ನಿಮ್ ಬಗ್ಗೆನೇ ತಾನೆ ಕೇಳಿರೋದು. ಆ ಸಿಲಬಸ್ಸೂ ಓದ್ಕಂಡ್ ಬಂದಿಲ್ವಾ?"

ಅವರಿಗೆ ಅಷ್ಟು ಸುಲಭವಾದದ್ದು ನನಗೆ ಯಾಕೆ ಆಗಲಿಲ್ಲ ಎಂದು ಹೇಳಬೇಕಾದರೆ ನಮ್ಮೂರಿನ ವಿಷಯ ಸ್ವಲ್ಪ ಹೇಳಬೇಕು. ಊರು ಅರಕಲಗೂಡು ತಾಲ್ಲೂಕಿನಲ್ಲಿದೆ. ಹೊಗೆಸೊಪ್ಪು, ರಾಗಿ, ಆಲೂಗಡ್ಡೆ ಬೆಳೆಯುವ ಊರು. ಅಲ್ಲಿ ಯಾರೂ ಚೆನ್ನಾಗಿರುವುದಿಲ್ಲ. ಚೆನ್ನಾಗಿದ್ದವರೂ ಚೆನ್ನಾಗಿರುವುದಿಲ್ಲ. ಹೊತ್ತಿಗೆ ಎಂಟು ಲೀಟರ್ ಕರೆಯುವ ಹಸುವಿನ ಯಜಮಾನಿಯನ್ನು ಕೇಳಿ, "ಏನೋ ಕಾಪಿಗಾಗೋ ಅಷ್ಟು" ಎನ್ನುತ್ತಾಳೆ. ಬ್ಯಾರನ್ನಿನಲ್ಲಿ, ಅಂದರೆ ಬೆಂಕಿಯ ಕಾವು ಕೊಟ್ಟು ಹೊಗೆಸೊಪ್ಪು ಹದ ಮಾಡುವ ಆ ಎತ್ತರದ ಮನೆಯಲ್ಲಿ, ಸೊಪ್ಪು ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿ ಜಗಜಗ ಅನ್ನುತ್ತಿರುತ್ತದೆ. "ಎಂಗ್ ಬಂತು ಸೊಪ್ಪು?" ಎಂದರೆ, "ಏನೋ ಸುಮಾರು ಕಣಪ್ಪ." ಚೆನ್ನಾಗಿದೆ ಎಂದು ಬಾಯಿ ಬಿಟ್ಟರೆ ಕಣ್ಣು ಬೀಳುತ್ತದೆ. ಕಣ್ಣು ಬಿದ್ದರೆ ಹಸು ಒದೆಯುತ್ತದೆ, ಸೊಪ್ಪು ಕಪ್ಪಗಾಗುತ್ತದೆ. ಜೊತೆಗೆ ಇನ್ನೊಂದು ಕಾರಣವೂ ಇದೆ. ಊರಿಗೆ ಪೆನ್ನು ಪೇಪರು ಹಿಡಿದು ಬರುವವರೆಲ್ಲ ಏನನ್ನಾದರೂ ಎಣಿಸಲಿಕ್ಕೇ ಬರುತ್ತಾರೆ. ದನ ಎಣಿಸುವವರು, ಜನ ಎಣಿಸುವವರು, ಮನೆ ಅಳೆಯುವವರು. ಅವರ ಮುಂದೆ ನಮ್ಮೂರಿನ ನಾಲ್ಕು ಹಸು ಎರಡಾಗುತ್ತವೆ. ಎರಡಿದ್ದರೆ ಒಂದಾಗುತ್ತದೆ, ಅದಕ್ಕೂ ವಯಸ್ಸಾಗಿರುತ್ತದೆ.

ನಮ್ಮ ಮನೆತನದಲ್ಲಿ ನನಗಿಂತ ಮುಂಚೆ ಏಳನೇ ಕ್ಲಾಸು ದಾಟಿದವರಿಲ್ಲ. ನಾನು ಬಿಎ ಪಾಸಾದೆ, ಅದೂ ಫಸ್ಟ್ ಕ್ಲಾಸಿನಲ್ಲಿ. ಇದನ್ನು ಬರೆಯುವಾಗ ಈಗಲೂ ನನ್ನ ಎದೆ ಉಬ್ಬುತ್ತದೆ, ಉಬ್ಬಲಿ. ಅವತ್ತು ಬೀದಿಯವರು ಕೇಳಿದ್ದಕ್ಕೆ ನಮ್ಮವ್ವ ಹೇಳಿದ್ದು ಇಷ್ಟು: "ಏನೋ ಅಂಗೂ ಇಂಗೂ ಕಳೀತಂತೆ ಬುಡವ್ವ." ಒಂದು ತಿಂಗಳು ಊರಿನ ದೊಡ್ಡವರೆಲ್ಲ ಸಿಕ್ಕಿದಲ್ಲಿ ನನ್ನ ಬೆನ್ನು ತಟ್ಟಿ ಸಮಾಧಾನ ಹೇಳಿದರು. "ಉಳ್ದಿರೋ ಸಬ್ಜೆಕ್ಟ್ ಇನ್ನೊಂದ್ಸಲ ಕಟ್ಲಾ, ಆಯ್ತದೆ."

ಮುಂದೆ ಹೆಣ್ಣು ನೋಡಲು ಚನ್ನರಾಯಪಟ್ಟಣದ ಕಡೆಗೆ ಹೋದಾಗಲೂ ಅಷ್ಟೆ. ತೆಂಗಿನ ತೋಟದ ಮನೆಯವರು. ಮಾವನಾಗಬೇಕಾದವರು ಕೇಳಿದರು, "ಉಡುಗ ಎಂಗವ್ನೆ?" ಅವ್ವ ಹೇಳಿದಳು, "ಏನೋ ಸುಮಾರು." ಎಂಎ ಮಾಡಿದ ಮಗನ ಮಾನ ಹೋಯಿತಲ್ಲ ಎಂದು ನಾನು ನೆಲ ನೋಡಿದೆ. ಅವರು ಹೆಂಡತಿಯ ಕಡೆ ತಿರುಗಿ, "ಬೋ ಚೆನ್ನಾಗವ್ನಂತೆ ಕಣೆ, ಕಾಪಿ ತಕಂಬಾ" ಎಂದರು. ಸುಮಾರು ಎಂದರೆ ಎಷ್ಟು ಎಂಬುದು ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತು. ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ಬುಧವಾರ ಸಂಜೆ ಮನೆಗೆ ಹೋಗಿ ವರದಿಯನ್ನು ಹೆಂಡತಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದತೊಡಗಿದಳು.

"ರೀ, ಇದ್ಯಾವ ಆಸ್ಪತ್ರೇದು?"

"ಆಸ್ಪತ್ರೇದಲ್ಲ ಕಣೆ. ನನ್ನ ವ್ಯಕ್ತಿತ್ವ."

"ಹೊಂದಾಣಿಕೆ ನಲವತ್ತೆಂಟಂತೆ! ಪಾಪ, ಜಾಸ್ತಿನೇ ಕೊಟ್ಟವ್ರೆ." ಇನ್ನೆರಡು ಪುಟ ತಿರುಗಿಸಿದಳು. "ಅಲ್ಲಾ, ಇದು ಅತ್ತೆ ಹೇಳಿ ಬರ್ಸ್ದಂಗೈತಲ್ರೀ."

ವಿಷಯ ಇನ್ನೂ ಪೂರ್ತಿ ಕೈಬಿಟ್ಟು ಹೋಗಿರಲಿಲ್ಲ. ಪರೀಕ್ಷೆಗೆ ಎರಡನೇ ಭಾಗವಿತ್ತು. ನಮ್ಮನ್ನು ಹತ್ತು ವರ್ಷಕ್ಕಿಂತ ಹೆಚ್ಚು ಬಲ್ಲವರೊಬ್ಬರು ಅದೇ ವಾಕ್ಯಗಳಿಗೆ ನಮ್ಮ ಬಗ್ಗೆ ಅಂಕ ಕೊಡಬೇಕು, ಎರಡನ್ನೂ ಸೇರಿಸಿ ಕೊನೆಯ ವರದಿ ಬರುತ್ತದೆ. ಅದನ್ನು ಇಟ್ಟುಕೊಂಡೇ ಮುಂದಿನ ವಾರ ಸಂದರ್ಶನ. ಇದನ್ನು ಹೇಳಿದ್ದೇ ತಡ ಹೆಂಡತಿ ಕೈ ಚಾಚಿದಳು.

"ಕೊಡಿ ಇಲ್ಲಿ. ನಾನ್ ತುಂಬ್ತೀನಿ. ಇಂಥದ್ದೊಂದು ಫಾರಂ ಬರ್ಲಿ ಅಂತ ಹದಿನೆಂಟು ವರ್ಷದಿಂದ ಕಾಯ್ತಾ ಇದೀನಿ."

ಮೊಬೈಲು ಕಿತ್ತುಕೊಂಡು ಜೇಬಿಗೆ ಹಾಕಿಕೊಂಡೆ. ಅವ್ವನೇ ವಾಸಿ ಎನ್ನಿಸಿತು. ಹೆತ್ತ ಮಗನಿಗೆ ಯಾವ ತಾಯಿ ಕಡಿಮೆ ಅಂಕ ಕೊಡುತ್ತಾಳೆ? ನಮ್ಮವ್ವನ ಮಗನಾಗಿ ನಲವತ್ತಾರು ವರ್ಷ ಕಳೆದವನಿಗೆ ಈ ಪ್ರಶ್ನೆಯ ಉತ್ತರ ಗೊತ್ತಿರಬೇಕಿತ್ತು.

ಭಾನುವಾರ ಬೆಳಿಗ್ಗೆ ಅರಕಲಗೂಡಿನ ಬಸ್ಸು ಹಿಡಿದೆ. ಅವ್ವ ನನ್ನ ತಮ್ಮನ ಮನೆಯ ಜಗಲಿಯ ಮೇಲೆ ಕೂತು ನೆನೆಸಿದ ಅವರೆಕಾಳನ್ನು ಹಿಸುಕುತ್ತಿದ್ದಳು. ಒಂದೊಂದು ಕಾಳೂ ಸಿಪ್ಪೆ ಬಿಟ್ಟು ಪುಳಕ್ಕನೆ ತಟ್ಟೆಗೆ ಹಾರುತ್ತಿತ್ತು.

"ಏನ್ಲಾ ಮಗ, ಒತ್ತಾರೆಗೇ ಬಂದ್ಬುಟ್ಟೆ? ಎಂಡ್ತಿ ಬೈದ್ಳಾ?"

"ಇಲ್ಲ ಕಣವ್ವ. ಒಂದು ಫಾರಂ ತುಂಬ್ಬೇಕು. ನಾನು ಓದ್ತೀನಿ, ನೀನು ಅಂಕ ಹೇಳು. ಐದು ಅಂದ್ರೆ ಬಾಳ ಹೌದು ಅಂತ. ಒಂದು ಅಂದ್ರೆ ಇಲ್ವೇ ಇಲ್ಲ ಅಂತ."

"ಯಾವ ಪಾರಮ್ಮು? ರೇಸನ್ ಕಾಲ್ಡುದಾ?"

"ಅಲ್ಲ. ನನ್ ಬಗ್ಗೆ. ನಾನು ಎಂಥೋನು ಅಂತ ಕೇಳವ್ರೆ."

"ನೀನ್ ಎಂತೋನಾದ್ರೆ ಅವರ್ಗೇನ್ಲಾ ಆಗ್ಬೇಕು?"

"ಪ್ರಿನ್ಸಿಪಾಲ್ ಮಾಡ್ಬೇಕಾ ಬ್ಯಾಡ್ವಾ ಅಂತ ನೋಡ್ತಾರೆ ಕಣವ್ವ." ಅಲ್ಲಿಗೆ ನಿಲ್ಲಿಸಿ ಓದಿದೆ: "ಇವರು ಕೈಗೆತ್ತಿಕೊಂಡ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುತ್ತಾರೆ."

"ಯಾರು?"

"ನಾನು."

ಅವ್ವ ನನ್ನನ್ನು ಅಪರಿಚಿತನನ್ನು ನೋಡುವಂತೆ ನೋಡಿದಳು. "ಉಂ. ಏನೋ ಮಾಡ್ತನೆ. ಸುಮಾರು."

"ಸುಮಾರು ಅಂದ್ರೆ ಮೂರೇ ಕಣವ್ವ."

"ಮೂರ್ ಸಾಕು ಬುಡು. ಐದ್ ಯಾಕೆ, ಕಣ್ ಬೀಳಾಕಾ?"

ಮುಂದಿನದು: 'ಇವರು ಬೇರೆಯವರ ಕಷ್ಟಕ್ಕೆ ಮರುಗುತ್ತಾರೆ.' ಇದಕ್ಕೆ ಐದು ಖಚಿತ ಎಂದುಕೊಂಡೆ. ಹೋದ ವರ್ಷ ಇವಳ ಮಂಡಿ ಆಪರೇಷನ್ನಿಗೆ ಹದಿನೈದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿ ನನ್ನ ಸೊಂಟವೇ ಹೋಗಿತ್ತು. ಅವ್ವ ಮಂಡಿ ಸವರಿಕೊಂಡಳು. ನೆನಪಾಗಿದೆ ಎಂದು ನನಗೆ ಗೊತ್ತಾಯಿತು.

"ಏನೋ ಬತ್ತಾ ಓಗ್ತಾ ಇರ್ತನೆ. ಮೂರಾಕು."

"ಅವ್ವಾ!"

"ಮುಂದುಕ್ ಓದ್ಲಾ."

'ಇವರಿಗೆ ಬೇಗ ಸಿಟ್ಟು ಬರುತ್ತದೆ.' ಕಾಳು ಹಿಸುಕುವ ಕೈ ನಿಂತಿತು. ಅವ್ವನ ಮುಖ ಬೆಳಗಿತು. "ಅದುಕ್ ಐದಾಕು! ಚಿಕ್ಕೋನಿದ್ದಾಗ ಇಟ್ಟು ಸುಡ್ತೈತೆ ಅಂತ ತಟ್ಟೆನೇ ಎಸ್ದಿದ್ದ, ಕೋಳಿ ತಿಂದ್ಕಂಡ್ ಓದ್ವು."

"ಆಗ ನಂಗೆ ಆರು ವರ್ಷ ಕಣವ್ವ."

"ಅವತ್ತಿದ್ ಕ್ವಾಪಾನೇ ತಾನೆ ಇವತ್ತೂ ಇರಾದು? ಎಲ್ಲೋಯ್ತದೆ?"

ಮನುಷ್ಯನ ಸ್ವಭಾವ ಚಿಕ್ಕಂದಿನಿಂದ ಹೆಚ್ಚು ಬದಲಾಗುವುದಿಲ್ಲ ಎಂದು ತರಬೇತಿಯ ಮೇಡಮ್ಮು ಬಣ್ಣದ ಸ್ಲೈಡು ಹಾಕಿ ಅರ್ಧ ಗಂಟೆ ವಿವರಿಸಿದ್ದರು. ಅವ್ವನಿಗೆ ಅದು ಕಾಳು ಹಿಸುಕುವಾಗಲೇ ಗೊತ್ತಿತ್ತು.

ಮೂವತ್ತನೇ ವಾಕ್ಯದ ಹೊತ್ತಿಗೆ ನಾನು ಬೇಡುವ ಸ್ಥಿತಿಗೆ ಬಂದಿದ್ದೆ. "ಅವ್ವಾ, ಓದೋರು ಬೆಂಗ್ಳೂರೋರು. ಸುಮಾರು ಅಂದ್ರೆ ಅವ್ರು ಸುಮಾರು ಅಂತ್ಲೇ ತಿಳ್ಕತಾರೆ. ಒಂದೇ ಒಂದ್ಸಲ, ನನ್ ಮಗ ಚೆನ್ನಾಗವ್ನೆ ಅನ್ನು."

ಅವ್ವ ಬೀದಿಯ ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. "ಅಂಗೆಲ್ಲ ಬಾಯ್ ಬುಟ್ಟು ಅನ್ಬಾರ್ದು ಕಣ್ಲಾ. ಸರ್ವೇಗ್ ಬಂದೋರ್ತಾವ ಯಾರಾದ್ರೂ ಇರಾದ್ನೆಲ್ಲ ಯೋಳ್ತಾರಾ? ಎಂಎ ಓದಿವ್ನಿ ಅಂತೀಯ."

ಅರವತ್ತೂ ಮುಗಿದವು. ಗುಣಕ್ಕೆಲ್ಲ ಮೂರು, ದೋಷಕ್ಕೆಲ್ಲ ಐದು. ಕೊನೆಯಲ್ಲಿ 'ಇವರ ಬಗ್ಗೆ ಇನ್ನೇನಾದರೂ ಹೇಳುವುದಿದ್ದರೆ' ಎಂದು ಒಂದು ಖಾಲಿ ಜಾಗವಿತ್ತು. ಬೇಕಾದರೆ ಹೇಳು ಎಂದೆ. ಅವ್ವ ಇನ್ನೂ ಹತ್ತು ಹದಿನೈದು ಕಾಳು ಹಿಸುಕಿದಳು.

"ಬರ್ಕೊ. ಕೆಲ್ಸ ಕೊಟ್ರೆ ಮಾಡ್ತನೆ. ಕೊಡ್ದಿದ್ರೆ ಇನ್ನೊಬ್ರ ಕೆಲ್ಸನಾರ ಮಾಡ್ತನೆ, ಸುಮ್ನಿರಾಕ್ ಬರಲ್ಲ. ನಾವೇನ್ ಓದುಸ್ಲಿಲ್ಲ, ಅವ್ನೇ ಓದ್ಕಂಡ. ಅವ್ರಪ್ಪ ಎಬ್ಬೆಟ್ ಒತ್ತೋನು, ಇವ್ನೇ ಅವ್ನಿಗೆ ರುಜು ಆಕಾದ್ ಕಲ್ಸ್ದ. ಬೋ ಕ್ವಾಪ." ಮೊಬೈಲಿನ ಕಡೆಗೆ ಬಗ್ಗಿ, "ಕ್ವಾಪ ಅಂತ ಬರ್ದ್ಯಾ?" ಎಂದು ಕೇಳಿ ಖಾತ್ರಿ ಮಾಡಿಕೊಂಡಳು.

ಹೇಳಿದಂತೆಯೇ ಬರೆದುಕೊಂಡೆ. ಕಳಿಸಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮೊಬೈಲು ತೆಗೆದ ಮೇಲೆ ಬರಬಾರದ ಯೋಚನೆ ಬಂತು. ಅವ್ವನಿಗೆ ಓದಲು ಬರುವುದಿಲ್ಲ. ನಾನು ಏನು ಒತ್ತಿದರೂ ಅವಳಿಗೆ ಗೊತ್ತಾಗುವುದಿಲ್ಲ. ಮೊದಲನೇ ಮೂರನ್ನು ಐದು ಮಾಡಿದೆ. ಎರಡನೆಯದನ್ನೂ ಮಾಡಿದೆ. ಇಪ್ಪತ್ತು ವಾಕ್ಯದವರೆಗೆ ಚೆನ್ನಾಗಿಯೇ ಸಾಗಿತು.

ಆಗ ಅಪ್ಪನ ಬೇಲು ನೆನಪಿಗೆ ಬಂತು. ಹದ ಮಾಡಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ಮಾಡಿ, ಗೋಣಿ ಸುತ್ತಿ ಬೇಲು ಕಟ್ಟಿ ಹರಾಜಿಗೆ ಹಾಕುತ್ತಾರೆ. ಸೊಪ್ಪು ಬೇರೆ ಮಾಡುವ ಕೆಲಸ ನಾನು ಆರನೇ ಕ್ಲಾಸಿನಿಂದಲೇ ಮಾಡಿದ್ದೇನೆ. ಒಂದು ವರ್ಷ ಅಪ್ಪ ಒಂದು ಬೇಲಿನ ನಡುವೆ ಕಪ್ಪು ಸೊಪ್ಪು ತುಂಬಿ ಸುತ್ತಲೂ ಬಂಗಾರದ ಬಣ್ಣದ್ದನ್ನು ಜೋಡಿಸಿದ್ದ. ಜೀವಮಾನದಲ್ಲಿ ಅದೊಂದೇ ಸಲ. ಹರಾಜಿನ ದಿನ ಕೊಳ್ಳುವವನೊಬ್ಬ ಬಂದು ಬೇಲಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಳಗಿನಿಂದ ಒಂದು ಎಲೆ ಎಳೆದು ತಲೆಯ ಮೇಲೆ ಎತ್ತಿ ಹಿಡಿದ. ಬೈಯಲಿಲ್ಲ. ಸುಮ್ಮನೆ ಎಲ್ಲರಿಗೂ ಕಾಣುವ ಹಾಗೆ ಹಿಡಿದು, ಅದೇ ಬೇಲಿನ ಮೇಲೆ ಇಟ್ಟು ಮುಂದಕ್ಕೆ ಹೋದ. ಆ ಬೇಲನ್ನು ವಾಪಸು ತರುವಾಗ ಅಪ್ಪ ಟೆಂಪೋದಲ್ಲಿ ಅದರ ಮೇಲೆ ಕೂರಲಿಲ್ಲ, ಪಕ್ಕದಲ್ಲಿ ನಿಂತುಕೊಂಡು ಬಂದ.

ಸಂದರ್ಶನದಲ್ಲಿ ಯಾರಾದರೂ ನನ್ನೊಳಗೆ ಕೈ ತೂರಿಸಿದರೆ ಏನು ಮಾಡಲಿ ಎಂದು ಹೆದರಿಕೆಯಾಯಿತು. ತೊಂಬತ್ತನಾಲ್ಕು ಸುಮ್ಮನೆ ಬಂದದ್ದಲ್ಲ. ಇಪ್ಪತ್ತನ್ನೂ ಹುಡುಕಿ ಹುಡುಕಿ ಮತ್ತೆ ಮೂರು ಮಾಡಿದೆ. ಒಂದನ್ನು ಮಾತ್ರ ನಾಲ್ಕಕ್ಕೆ ಬಿಟ್ಟೆ, ಅಷ್ಟೊಂದು ಸಾಚಾ ನಾನಲ್ಲ. ಬಿಟ್ಟದ್ದು ಯಾವುದನ್ನು ಎಂದರೆ, 'ಇವರು ಸುಳ್ಳು ಹೇಳುವುದಿಲ್ಲ' ಎಂಬುದನ್ನು. ಕಳಿಸಿಬಿಟ್ಟೆ.

ಸಂದರ್ಶನ ನಡೆದದ್ದು ಹಾಸನದಲ್ಲಿ, ಆಡಳಿತ ಮಂಡಳಿಯ ಅಧ್ಯಕ್ಷರ ಕೊಠಡಿಯಲ್ಲಿ. ಅಧ್ಯಕ್ಷರದು ತಲೆತಲಾಂತರದ ಆಲೂಗಡ್ಡೆ ವ್ಯಾಪಾರ. ಹಣೆಯ ತುಂಬ ವಿಭೂತಿ, ಮಾತು ಕಡಿಮೆ. ಪಕ್ಕದಲ್ಲಿ ಲ್ಯಾಪ್‌ಟಾಪು ತೆರೆದುಕೊಂಡು ತರಬೇತಿಯ ಮೇಡಮ್ಮು. ಭೌತಶಾಸ್ತ್ರದ ಮೇಷ್ಟ್ರು ನನಗಿಂತ ಮುಂಚೆ ಒಳಗೆ ಹೋಗಿ, ಹಬ್ಬ ಮುಗಿಸಿದವರಂತೆ ಹೊರಗೆ ಬಂದಿದ್ದರು. ಗೋಡೆಯ ಪರದೆಯ ಮೇಲೆ ನಮ್ಮಿಬ್ಬರ ಪಟ್ಟಿಗಳೂ ಅಕ್ಕಪಕ್ಕ ಇದ್ದವು. ಅವರ ಗುಣಗಳೆಲ್ಲ ತೊಂಬತ್ತೆಂಟು. ಚಿಂತೆ, ಕೋಪ: ಎರಡು. ಅಂಥ ಮನುಷ್ಯನ ಪಕ್ಕದಲ್ಲಿ ಕೂತು ನಾನು ಹನ್ನೆರಡು ವರ್ಷ ಬೋಂಡ ತಿಂದಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ.

ಮೇಡಮ್ಮು ನನ್ನ ಕಡೆ ಅನುಕಂಪದಿಂದ ನೋಡಿದರು. "ಸಾಮಾನ್ಯವಾಗಿ ನಾವು ಕೊಟ್ಟುಕೊಳ್ಳೋ ಅಂಕಕ್ಕೂ ಮನೆಯವರು ಕೊಡೋ ಅಂಕಕ್ಕೂ ತುಂಬ ವ್ಯತ್ಯಾಸ ಇರುತ್ತೆ. ಸರ್ ವಿಷಯದಲ್ಲಿ ಇಬ್ಬರದ್ದೂ ಹೆಚ್ಚುಕಡಿಮೆ ಒಂದೇ ಇದೆ. ಅಂದರೆ ಸರ್ ನಿಜವಾಗಿಯೂ…"

"ನಿಜವಾಗಿಯೂ ಸುಮಾರು" ಎಂದು ನಾನೇ ಮುಗಿಸಿಕೊಟ್ಟೆ. ಪಾಪ, ಅವರಿಗೆ ಹೇಳಲು ಕಷ್ಟವಾಗುತ್ತಿತ್ತು.

ಅಧ್ಯಕ್ಷರು ಪಟ್ಟಿಗಳನ್ನು ನೋಡುತ್ತಲೇ ಇರಲಿಲ್ಲ. ಅವ್ವ ಬರೆಸಿದ ಮಾತುಗಳಿದ್ದ ಹಾಳೆಯನ್ನು ಕಣ್ಣಿಗೆ ಹತ್ತಿರ ಹಿಡಿದು ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಎರಡು ಸಲ ಓದಿದರು.

"ಮೇಷ್ಟ್ರೇ, ಊರಿನ್ ಮನೇಲಿ ಎಷ್ಟು ಹಸು ಅವೆ?"

"ಎರಡು ಸಾರ್."

"ಎರಡಾ?"

"ನಾಲ್ಕು ಸಾರ್."

ಅಧ್ಯಕ್ಷರು ಮೊದಲ ಸಲ ನಕ್ಕರು. ಮೇಡಮ್ಮಿನ ಕಡೆ ತಿರುಗಿದರು. "ನೋಡಮ್ಮ, ನಮ್ ಕಡೆ ರೈತ ಆಲೂಗಡ್ಡೆ ಸುಮಾರು ಅಂದ್ರೆ ನಾನು ಲಾರಿ ಕಳಿಸ್ತೀನಿ. ಬಾಳ ಚೆನ್ನಾಗೈತೆ ಅಂದ್ರೆ ಮೂಟೆ ಬಿಚ್ಚಿಸ್ತೀನಿ. ಇವ್ರ ಮೂರುಗಳನ್ನ ನೀನು ಮೂರು ಅಂತ ಓದ್ಕಂಡಿದೀಯ."

ಗೆದ್ದೆ ಎಂದುಕೊಂಡೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆದ್ರೆ ಮೇಷ್ಟ್ರೇ, ಹೊಸ ಕಾಲೇಜು. ತಾಯಿತಂದೆ ಬಂದು, ಸಾ, ಕಾಲೇಜು ಎಂಗೈತೆ ಅಂತಾರೆ. ನೀವು ಏನೋ ಸುಮಾರು ಅಂದ್ರೆ ನಾನು ಖಾಲಿ ಬೆಂಚಿಗೆ ಪಾಠ ಮಾಡಿಸ್ಬೇಕಾಗ್ತದೆ. ಪ್ರಿನ್ಸಿಪಾಲ್ ಆದೋನು ಬಾಯಿ ಬಿಟ್ಟು ಹೇಳ್ಬೇಕು. ಈಗ ನನ್ಗೆ ಹೇಳಿ ನೋಡಾಣ. ಈ ಕೆಲಸ ಹೆಂಗ್ ಮಾಡ್ತೀರಾ?"

ಏನೋ ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ಹಿಡಿದು ನುಂಗಿದೆ. ಅಧ್ಯಕ್ಷರ ಮೇಜಿನ ಈಚೆಗೂ ಎರಡು ಕುರ್ಚಿ ಇದ್ದವು. ಒಂದರಲ್ಲಿ ನಾನು ಕೂತಿದ್ದೆ, ಇನ್ನೊಂದು ಖಾಲಿ ಇತ್ತು. ಅದನ್ನೇ ನೋಡುತ್ತ ಹೇಳಿದೆ.

"ಚೆನ್ನಾಗಿ ಮಾಡ್ತೀನಿ ಸಾರ್."

"ಕೇಳಿಸ್ಲಿಲ್ಲ."

"ಬಾಳ ಚೆನ್ನಾಗಿ ಮಾಡ್ತೀನಿ!"

ದನಿ ನಾನು ಎಣಿಸಿದ್ದಕ್ಕಿಂತ ಜೋರಾಗಿತ್ತು. ಮೇಡಮ್ಮು ಬೆಚ್ಚಿಬಿದ್ದರು. ಹೇಳಿದವನೇ ತಲೆಯೆತ್ತಿ ಫ್ಯಾನು ನೋಡಿದೆ, ಈಗಲೇ ಬೀಳುತ್ತದೆಯೇನೋ ಎಂದು. ಅದು ತನ್ನ ಪಾಡಿಗೆ ತಿರುಗುತ್ತಿತ್ತು.

ಎರಡು ದಿನದ ಮೇಲೆ ಆದೇಶ ಬಂತು. ಒಂದು ವರ್ಷಕ್ಕೆ ಪ್ರಭಾರ ಪ್ರಿನ್ಸಿಪಾಲ್, ಆಮೇಲೆ ನೋಡೋಣ ಎಂಬ ಧಾಟಿಯ ಆದೇಶ. ಭೌತಶಾಸ್ತ್ರದ ಮೇಷ್ಟ್ರು ಬೋಂಡದ ತಟ್ಟೆಯನ್ನು ನನ್ನ ಕಡೆಗೆ ತಳ್ಳಿ, "ತೊಂಬತ್ತೆಂಟು ತಗಂಡೋನು ಇಲ್ಲೇ ಅವ್ನೆ, ಐವತ್ತು ತಗಂಡೋರು ಪ್ರಿನ್ಸಿಪಾಲು. ಇದ್ಯಾವ ವಿಜ್ಞಾನ ಸಾ?" ಎಂದರು. ನಾನು ಬೋಂಡ ತಿಂದೆ.

ಅವ್ವನಿಗೆ ಫೋನು ಮಾಡಿದೆ. "ಅವ್ವಾ, ಆಯ್ತು ಕಣವ್ವ. ಪ್ರಿನ್ಸಿಪಾಲು."

"ಕೂಗ್ಬ್ಯಾಡ್ಲಾ, ಪಕ್ಕದ್ ಮನೆಗ್ ಕೇಳ್ತದೆ" ಎಂದು ಫೋನು ಇಟ್ಟಳು. ಆಮೇಲೆ ತಮ್ಮ ಹೇಳಿದ್ದು: ಅವತ್ತು ಸಂಜೆ ನನ್ನ ಹಳೆಯ ಅಂಗಿಯೊಂದಕ್ಕೆ ಉಪ್ಪು ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಿದಳಂತೆ. ಘಾಟಿಗೆ ಮನೆಯವರೆಲ್ಲ ಕೆಮ್ಮುತ್ತ ಬೀದಿಗೆ ಬಂದು ನಿಂತರಂತೆ. ಏನು ವಿಷಯ ಎಂದು ಕೇಳಿದವರಿಗೆ, "ಏನಿಲ್ಲ ಕಣವ್ವ, ದೊಡ್ ಮಗನ್ನ ಚನ್ರಾಯ್ಪಟ್ಣುಕ್ ಆಕವ್ರಂತೆ" ಎಂದಳಂತೆ. ನನ್ನನ್ನು ಯಾವುದೋ ತಪ್ಪಿಗೆ ವರ್ಗ ಮಾಡಿದ್ದಾರೆ ಎಂದು ಊರು ಇವತ್ತಿಗೂ ನಂಬಿದೆ. ಮೊನ್ನೆ ಒಬ್ಬರು ಸಿಕ್ಕಿ, "ಓಗ್ಲಿ ಬುಡು, ಮೇಲ್ನೋರ್ ಕೈಕಾಲ್ ಹಿಡ್ಕಂಡ್ರೆ ವಾಪಸ್ ಆಕ್ತಾರೆ" ಎಂದು ಧೈರ್ಯ ಹೇಳಿದರು.

ಜೂನಿನಲ್ಲಿ ಚನ್ನರಾಯಪಟ್ಟಣದಲ್ಲಿ ದಾಖಲಾತಿ ಶುರುವಾಯಿತು. ಮೂರನೇ ದಿನ ಶ್ರವಣಬೆಳಗೊಳದ ಕಡೆಯ ಹಳ್ಳಿಯೊಂದರಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಮಾರ್ಕ್ಸ್ ಕಾರ್ಡು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನಿಂತರು.

"ಕೂತ್ಕೊಳಿ" ಎಂದೆ. ಇಷ್ಟು ವರ್ಷ ಕಾದು ಕಡೆಗೂ ಅಂದೆ.

"ಇರ್ಲಿ ಬುಡಿ ಸಾ, ನಿಂತೇ ಇರ್ತೀನಿ."

ಹೀಗೂ ಆಗಬಹುದು ಎಂದು ನಾನು ಯೋಚಿಸಿಯೇ ಇರಲಿಲ್ಲ. ಮಾರ್ಕ್ಸ್ ಕಾರ್ಡು ಎತ್ತಿಕೊಂಡೆ. "ಮಗಳು ಹೆಂಗ್ ಓದ್ತಾಳೆ?"

"ಏನೋ ಸುಮಾರು ಸಾ. ಅಂಗೂ ಇಂಗೂ ಪಾಸ್ ಮಾಡವ್ಳೆ."

ಕಾರ್ಡು ನೋಡಿದೆ. ಗಣಿತಕ್ಕೆ ನೂರಕ್ಕೆ ನೂರು. ಉಳಿದವೆಲ್ಲ ತೊಂಬತ್ತರ ಮೇಲೆ. ಹುಡುಗಿ ಕಾಲಿನ ಹೆಬ್ಬೆರಳನ್ನು ನೋಡುತ್ತ ನಿಂತಿದ್ದಳು, ಅಂಗೂ ಇಂಗೂ ಪಾಸಾದವಳ ಹಾಗೆಯೇ. ನಾನು ಎದ್ದು ಮೇಜು ಸುತ್ತಿ ಬಂದು ಒಂದು ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದೆ.

"ಮನೇಲಿ ಎಷ್ಟು ಹಸು ಅವೆ?"

ಅವರು ನನ್ನ ಕೈಯಲ್ಲಿದ್ದ ಪೆನ್ನು ನೋಡಿದರು. "ಒಂದೈತೆ ಸಾ. ಅದುಕ್ಕೂ ವಯಸ್ಸಾಗೈತೆ."

"ಮೂರವೆ ಅಲ್ವೇನಪ್ಪ?" ಎಂದಳು ಹುಡುಗಿ.

ಅಪ್ಪ ಮಗಳನ್ನು ಒಂದು ಸಲ ನೋಡಿದರು, ನನ್ನನ್ನು ಒಂದು ಸಲ ನೋಡಿದರು. ನಗು ತಡೆಯಲಾಗದೆ ಟವೆಲನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಕೂತುಬಿಟ್ಟರು. ಕುರ್ಚಿಯ ತುದಿಯಲ್ಲೇ, ಆದರೂ ಕೂತರು.